ಜಾಲತಾಣದ ಬಾಗಿಲು ಎಲ್ಲರಿಗೂ ತೆರೆದಿರಲಿ

ಪಹಣಿ, ಮಾಸಾಶನದ ಅರ್ಜಿ, ವಿಕಲಚೇತನರ ಯುಡಿಐಡಿ ಕಾರ್ಡ್, ಪರೀಕ್ಷೆಯ ಫಲಿತಾಂಶ - ಇವೆಲ್ಲವೂ ಇಂದು ಅಂತರ್ಜಾಲಕ್ಕೆ ಬಂದಿವೆ. ಚಾಮರಾಜನಗರ ಜಿಲ್ಲೆ, ಯಳಂದೂರು ತಾಲೂಕಿನ ಅಗರದಂತಹ ಊರಿನಲ್ಲಿರುವ ದೃಷ್ಟಿಹೀನರಿಗೆ ಇದು ದೊಡ್ಡ ಅನುಕೂಲವಾಗಬೇಕು. ಇನ್ನೊಬ್ಬರ ಕೈಹಿಡಿದು ಕಚೇರಿಗೆ ಅಲೆಯುವ ಬದಲು ಮನೆಯಲ್ಲೇ ಮೊಬೈಲ್ ಮೂಲಕ ಕೆಲಸ ಮುಗಿಸಬಹುದು. ಆದರೆ ಜಾಲತಾಣವನ್ನು ಕಣ್ಣಿದ್ದವರಿಗೆ ಮಾತ್ರ ರೂಪಿಸಿದ್ದರೆ, ಅವರು ತಮ್ಮ ಬ್ಯಾಂಕ್ ಖಾತೆಯ ವಿವರವನ್ನೂ ಬೇರೆಯವರ ಕೈಗೆ ಕೊಡಬೇಕಾಗುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು.

ಕಿವಿಯಿಂದ ಓದುವವರು

ದೃಷ್ಟಿಹೀನರು ಕಂಪ್ಯೂಟರ್ ಬಳಸಲು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ನೆರವಾಗುತ್ತದೆ. ಪರದೆಯ ಮೇಲಿನ ಬರಹವನ್ನು ಅದು ಧ್ವನಿಯಾಗಿ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಇಬ್ಬರೂ ಅಂಧರು, ರೂಪಿಸಿದ ಎನ್‌ವಿಡಿಎ ತಂತ್ರಾಂಶ 2006ರಲ್ಲಿ ಆರಂಭವಾಯಿತು. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಟಾಕ್‌ಬ್ಯಾಕ್ ಇದೇ ಕೆಲಸ ಮಾಡುತ್ತದೆ.

ಕನ್ನಡಕ್ಕೆ ಮೊದಲ ಹೆಜ್ಜೆ ಯೂನಿಕೋಡ್

ಕನ್ನಡದ ಜಾಲತಾಣಗಳಿಗೆ ಒಂದು ವಿಶೇಷ ತೊಡಕಿದೆ. ನುಡಿಯಂತಹ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಕಾಣುವುದು ಕಣ್ಣಿಗೆ ಮಾತ್ರ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. 'ಕನ್ನಡ' ಎಂದು ಟೈಪ್ ಮಾಡಿದರೆ 'ಕ'ದ ಸ್ಥಾನದಲ್ಲಿ 'ಪಿ', 'ನ'ದ ಸ್ಥಾನದಲ್ಲಿ ಪೌಂಡ್ ಹಣದ ಚಿಹ್ನೆ, 'ಡ'ದ ಸ್ಥಾನದಲ್ಲಿ 'ಕ್ಯೂ' ಕುಳಿತಿರುತ್ತವೆ. ಸ್ಕ್ರೀನ್ ರೀಡರ್ ಓದುವುದು ಆ ಗೊಂದಲವನ್ನೇ. ಯೂನಿಕೋಡ್‌ನಲ್ಲಿ 'ಕ' ಎಂದರೆ 'ಕ'ವೇ. ಆದ್ದರಿಂದ ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಅಗತ್ಯ. ಸ್ಕ್ಯಾನ್ ಮಾಡಿದ ಸುತ್ತೋಲೆ, ಚಿತ್ರರೂಪದ ಆಮಂತ್ರಣ ಪತ್ರಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳ ಜೊತೆಗೆ ವಿಷಯವನ್ನು ಟೈಪ್ ಮಾಡಿ ಹಾಕಬೇಕು.

ಗಮನಿಸಬೇಕಾದ ಇತರ ಅಂಶಗಳು

1. ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆ ಎಂಬ ಕಿರು ವಿವರಣೆ ಇರಲಿ.
2. ಶೀರ್ಷಿಕೆಯನ್ನು ದಪ್ಪ ಅಕ್ಷರ ಮಾಡಿದರೆ ಸಾಲದು, ಶೀರ್ಷಿಕೆಯೆಂದೇ ಗುರುತಿಸಬೇಕು. ಕೇಳುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಸಾಗುತ್ತಾರೆ.
3. 'ಇಲ್ಲಿ ಕ್ಲಿಕ್ ಮಾಡಿ' ಎನ್ನುವ ಬದಲು 'ಅರ್ಜಿ ನಮೂನೆ' ಎಂದು ಕೊಂಡಿಗೆ ಹೆಸರಿಡಿ.
4. ಮೌಸ್ ಹಿಡಿಯಲಾಗದವರಿಗಾಗಿ ಎಲ್ಲ ಕೆಲಸವೂ ಕೀಲಿಮಣೆಯಿಂದ ಸಾಧ್ಯವಾಗಲಿ.
5. ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬಣ್ಣದ ವ್ಯತ್ಯಾಸ ಕನಿಷ್ಠ 4.5:1 ಇರಲಿ.
6. ಕಿವುಡರಿಗಾಗಿ ವಿಡಿಯೋಗಳಿಗೆ ಅಡಿಬರಹ ಕೊಡಿ.

ಇವು ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿವೆ. ಅದರ ಮೊದಲ ಆವೃತ್ತಿ 1999ರಲ್ಲಿ, 2.2ನೇ ಆವೃತ್ತಿ 2023ರಲ್ಲಿ ಪ್ರಕಟವಾಯಿತು.

ದಯೆಯಲ್ಲ, ಹಕ್ಕು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಮಾಹಿತಿ ತಂತ್ರಜ್ಞಾನವೂ ಇವರಿಗೆ ಎಟುಕಬೇಕೆಂದು ಹೇಳುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರಿಯ ಸಲಹೆಗಳು ಸಾಲವು, ಕಡ್ಡಾಯ ನಿಯಮಗಳು ಬೇಕೆಂದು ತೀರ್ಪಿತ್ತಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದೆ ಹೋಯಿತು. ಬ್ಯಾಂಕಿನ ಡಿಜಿಟಲ್ ಗುರುತು ಪರಿಶೀಲನೆಗೆ ಕಣ್ಣು ಮಿಟುಕಿಸಬೇಕೆಂದರೆ, ಆ್ಯಸಿಡ್ ದಾಳಿಯಿಂದ ಕಣ್ಣು ಕಳೆದುಕೊಂಡವರು ಏನು ಮಾಡಬೇಕು? ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಸಾರಿತು.

ಜಾಲತಾಣ ನಡೆಸುವ ಶಾಲೆ, ಸಂಘ, ಸಂಸ್ಥೆಗಳು ಒಂದು ಸುಲಭ ಪರೀಕ್ಷೆ ಮಾಡಬಹುದು. ಮೌಸ್ ಬದಿಗಿಡಿ, ಎನ್‌ವಿಡಿಎ ಹಾಕಿ, ಪರದೆ ಆರಿಸಿ ನಿಮ್ಮದೇ ಪುಟವನ್ನು ಕೇಳಿ. ಬಳಿಕ ದೃಷ್ಟಿಹೀನರೊಬ್ಬರನ್ನು ಕರೆದು ಅವರಿಂದಲೇ ಪರೀಕ್ಷಿಸಿ. ಎಲ್ಲಿ ತಡೆಯಿದೆ ಎಂದು ಅವರಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ.