ಕಲ್ದಾರ, ಹಾಲಿ ಸಿಕ್ಕಾ ಮತ್ತು ಉದ್ರಿ ಪುಸ್ತಕ

ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯ ಹುಮನಾಬಾದಿಗೂ ಸಮೀಪದ ಬಸವಕಲ್ಯಾಣಕ್ಕೂ ವ್ಯಾಪಾರ ಹೊಸದಲ್ಲ. 11ನೇ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ಚಾಲುಕ್ಯರ ರಾಜಧಾನಿ ಮಾಡಿದಾಗ, ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ದಕ್ಷಿಣದ ಉದ್ದಗಲಕ್ಕೂ ಸರಕು ಸಾಗಿಸುತ್ತಿತ್ತು. ಗದ್ಯಾಣಗಳನ್ನು ಬಡ್ಡಿಗಿಟ್ಟು, ಬಂದ ಬಡ್ಡಿಯಿಂದ ದೇವರ ನಂದಾದೀಪ ಉರಿಸಬೇಕೆಂಬ ಷರತ್ತು ಆ ಕಾಲದ ಶಾಸನಗಳಲ್ಲಿ ಕಾಣುತ್ತದೆ. ಹಣ ಪೆಟ್ಟಿಗೆಯಲ್ಲಿ ಕೂತರೆ ದುಡಿಯದು ಎಂಬುದು ಅಂದಿನವರಿಗೂ ಗೊತ್ತಿತ್ತು.

ವಾಣಿಜ್ಯಶಾಸ್ತ್ರ ಇದನ್ನೇ ದುಡಿಯುವ ಬಂಡವಾಳ ಎನ್ನುತ್ತದೆ. ದಾಸ್ತಾನಿನಲ್ಲಿ, ಗಿರಾಕಿಗಳ ಬಾಕಿಯಲ್ಲಿ ಮತ್ತು ಕೈಯಲ್ಲಿರುವ ಹಣದಲ್ಲಿ ನಾವು ಇತರರಿಗೆ ಕೊಡಬೇಕಾದುದನ್ನು ಕಳೆದರೆ ಉಳಿಯುವುದು. ಒಂದು ಲಕ್ಷ ರೂಪಾಯಿಯ ಸರಕು ತಂದು, ಒಂದು ಸುತ್ತಿಗೆ ನೂರಕ್ಕೆ ಎರಡು ರೂಪಾಯಿ ಲಾಭ ಪಡೆಯುವ ಅಂಗಡಿಯನ್ನು ಊಹಿಸಿಕೊಳ್ಳಿ. ಹಣ ವರ್ಷಕ್ಕೆ 12 ಸಲ ತಿರುಗಿದರೆ 24,000 ರೂಪಾಯಿ ಉಳಿಯುತ್ತದೆ. 6 ಸಲ ತಿರುಗಿದರೆ 12,000. ಆ ಲಕ್ಷ ಶೇ 12ರ ಬಡ್ಡಿಯ ಸಾಲವಾಗಿದ್ದರಂತೂ ಎರಡನೆಯ ಅಂಗಡಿಯವನು ವರ್ಷವಿಡೀ ದುಡಿದದ್ದು ಬಡ್ಡಿಗೇ ಸರಿ. ಮಾಲಿನ ಬೆಲೆ ಮಾತ್ರ ಎರಡೂ ಕಡೆ ಒಂದೇ.

1948ರವರೆಗೆ ಈ ಊರುಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಸೊಲ್ಲಾಪುರದಲ್ಲಿ ಕಲ್ದಾರ. 20ನೇ ಶತಮಾನದ ಲೆಕ್ಕದಲ್ಲಿ 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ, ಅಂದರೆ ಆರಕ್ಕೆ ಏಳು. ಗಡಿಯಾಚೆಯಿಂದ ಸರಕು ತರಿಸುವ ವರ್ತಕ ಕಲ್ದಾರದಲ್ಲಿ ಕೊಂಡು ಹಾಲಿಯಲ್ಲಿ ಮಾರಬೇಕಿತ್ತು. ಗಡಿಯಲ್ಲಿ ಕರೋಡಗಿರಿಯ ಸುಂಕ ಬೇರೆ. ಅದನ್ನಂತೂ ಒಂದು ಗಜ ಬಟ್ಟೆ ಮಾರುವ ಮೊದಲೇ ಕಟ್ಟಬೇಕು. ಸರಕು ಗಿರಾಕಿಯ ಮುಖ ನೋಡುವ ಮುನ್ನವೇ ವರ್ತಕನ ಹಣ ಸಿಕ್ಕಿಬೀಳುತ್ತಿತ್ತು.

ಇಂದು ಗಡಿ ಇಲ್ಲ, ಎರಡು ನಾಣ್ಯಗಳೂ ಇಲ್ಲ. ಹಿಂದುಸ್ತಾನ್ ಯೂನಿಲಿವರ್‌ನಂಥ ಸಾಬೂನು-ಸೋಪಿನಪುಡಿ ಕಂಪೆನಿಗಳು ಮಾರಿದ ಹಣವನ್ನು ಬೇಗ ಪಡೆದು, ಕಚ್ಚಾವಸ್ತು ಕೊಟ್ಟವರಿಗೆ ನಿಧಾನವಾಗಿ ಪಾವತಿಸುತ್ತವೆ. ಅವುಗಳ ದುಡಿಯುವ ಬಂಡವಾಳ ಸೊನ್ನೆಗಿಂತಲೂ ಕೆಳಗಿರುತ್ತದೆ. ಪರರ ಹಣದಲ್ಲಿ ವ್ಯಾಪಾರ ನಡೆಸುವ ಈ ಜಾಣ್ಮೆ ಮೆಚ್ಚತಕ್ಕದ್ದೇ, ಆದರೆ ಆ ಹಣ ಯಾರದೋ ಒಬ್ಬರದು. ಸಣ್ಣ ಉತ್ಪಾದಕರಿಗೆ ತಡಮಾಡಿದರೆ ಕೇಳಲು 2006ರ ಕಾಯ್ದೆಯ 45 ದಿನಗಳ ಗಡುವಿದೆ.

ಕಿರಾಣಿ ಅಂಗಡಿಯವನಿಗೆ ಅಂಥ ಆಸರೆಯಿಲ್ಲ. ಅವನ ಗಿರಾಕಿ ರೈತ, ಕೂಲಿಕಾರ. ಜೂನಿನ ಬಿತ್ತನೆಯ ಹೊತ್ತಿಗೆ ಉದ್ರಿ ಪುಸ್ತಕದಲ್ಲಿ ಬರೆದ ಚಹಾಪುಡಿ, ಎಣ್ಣೆ, ಸಾಬೂನಿನ ಬಾಕಿ ಹೆಸರು-ಉದ್ದಿನ ರಾಶಿಯಾದಾಗ ಒಂದಿಷ್ಟು ತೀರುತ್ತದೆ, ಸೋಯಾ ಬಂದಾಗ ಮತ್ತಷ್ಟು. ಮಿಕ್ಕದ್ದು ತೊಗರಿಗಾಗಿ ಕಾಯಬೇಕು. ಅದು ಮಾರುಕಟ್ಟೆಗೆ ಬರುವುದು ಡಿಸೆಂಬರ್ ಕಳೆದ ಮೇಲೆ. ಅಷ್ಟರಲ್ಲಿ ವಿತರಕನ ಹುಡುಗ ಎಷ್ಟೋ ಸಲ ವಸೂಲಿಗೆ ಬಂದು ಹೋಗಿರುತ್ತಾನೆ. ಉದ್ರಿ ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಹೋದವನು ಸುಗ್ಗಿಯ ರೊಕ್ಕವನ್ನೂ ಅಲ್ಲೇ ಕೊಡುತ್ತಾನೆ.