ಮುಷ್ಕರಕ್ಕೆ ಮುಂಚಿನ ಮಾತುಕತೆ

1966ರ ಜನವರಿ ಮೊದಲ ವಾರದಲ್ಲಿ ನ್ಯೂಯಾರ್ಕ್ ನಗರ ಎರಡು ಮುಷ್ಕರಗಳನ್ನು ಕಂಡಿತು. ಒಂದನೇ ತಾರೀಖು ಬಸ್ಸು ಮತ್ತು ಸುರಂಗ ರೈಲಿನ ನೌಕರರು ಕೆಲಸ ನಿಲ್ಲಿಸಿದರು. ಅವರ ಮುಂದಾಳು ಮೈಕ್ ಕ್ವಿಲ್ ಕೋರ್ಟಿನ ಆಜ್ಞೆಯನ್ನು ಹರಿದು ಹಾಕಿ ಜೈಲಿಗೆ ಹೋದರು. ನಾಲ್ಕನೇ ತಾರೀಖು ಸೇಂಟ್ ಜಾನ್ಸ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಅಧ್ಯಾಪಕರು ಗೇಟಿನ ಹೊರಗೆ ನಿಂತರು. ಹಿಂದಿನ ತಿಂಗಳಷ್ಟೇ ಅಲ್ಲಿ 31 ಅಧ್ಯಾಪಕರನ್ನು ಯಾವ ವಿಚಾರಣೆಯೂ ಇಲ್ಲದೆ ತೆಗೆದುಹಾಕಲಾಗಿತ್ತು. ರೈಲಿನವರು 12 ದಿನಗಳಲ್ಲಿ ಗೆದ್ದರು. ಅಧ್ಯಾಪಕರು 1967ರ ಜೂನ್‌ವರೆಗೂ ಹೋರಾಡಿ ಸೋತರು. ರೈಲು ನಿಂತರೆ ನಗರವೇ ನಿಲ್ಲುತ್ತದೆ. ಪಾಠ ನಿಂತರೆ ಬೇರೆಯವರನ್ನು ಕರೆತಂದು ನಡೆಸಬಹುದು.

ರೈಲಿನವರ ಗೆಲುವಿನಿಂದ ಬೆಚ್ಚಿದ ಸರಕಾರ 1967ರಲ್ಲಿ ಟೇಲರ್ ಕಾನೂನನ್ನು ತಂದಿತು. ಸರಕಾರಿ ನೌಕರರು ಸಂಘ ಕಟ್ಟಬಹುದು, ಮಾತುಕತೆಗೆ ಕೂರಬಹುದು, ಆದರೆ ಮುಷ್ಕರ ಹೂಡುವಂತಿಲ್ಲ. ಹೂಡಿದರೆ ಒಂದು ದಿನಕ್ಕೆ ಎರಡು ದಿನದ ಸಂಬಳ ಹೋಗುತ್ತದೆ. ಬಡವರ, ವಲಸೆ ಬಂದವರ ಮಕ್ಕಳು ಓದುವ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಸಾರ್ವಜನಿಕ ಸಂಸ್ಥೆ. ಅಲ್ಲಿನ ಅಧ್ಯಾಪಕರಿಗೂ ಇದೇ ಕಾನೂನು. 1972ರಲ್ಲಿ ಎರಡು ಸಂಘಗಳು ಕೂಡಿ ಅವರ ಈಗಿನ ಸಂಘ ಹುಟ್ಟಿತು. ಅವುಗಳಲ್ಲೊಂದು ಸೇಂಟ್ ಜಾನ್ಸ್ ಮುಷ್ಕರದ ಬೆನ್ನಿಗೆ ನಿಂತಿದ್ದ ಇಸ್ರೇಲ್ ಕೂಗ್ಲರ್ ಅವರ ಸಂಘ. ಸೋಲಿನ ರುಚಿ ಗೊತ್ತಿದ್ದವರು ಹೊಸ ಮನೆಯಲ್ಲೂ ಇದ್ದರು.

2010ರಲ್ಲಿ ಈ ಸಂಘದ ಒಪ್ಪಂದದ ಅವಧಿ ಮುಗಿಯಿತು. ಹೊಸದು ಆಗುವವರೆಗೆ ಹಳೆಯ ಕರಾರೇ ನಡೆಯಬೇಕೆಂದು 1982ರ ಒಂದು ತಿದ್ದುಪಡಿ ಹೇಳುತ್ತದೆ. ಓದಿದಾಗ ಇದು ನೌಕರನ ರಕ್ಷಣೆಗೆ ಇರುವಂತೆ ತೋರುತ್ತದೆ. ಹೌದು, ರಕ್ಷಣೆಯೇ. ಆದರೆ ಆಡಳಿತ ವರ್ಗ ಕೈಕಟ್ಟಿ ಕೂತರೂ ಅದಕ್ಕೆ ನಷ್ಟವಿಲ್ಲ. ಹಾಗೆ ಆರು ವರ್ಷ ಹೊಸ ಒಪ್ಪಂದವಿಲ್ಲದೆ ಕಳೆಯಿತು. ನಗರದ ಬಾಡಿಗೆ ಮಾತ್ರ ಏರುತ್ತಲೇ ಇತ್ತು.

2016ರ ಮೇ ತಿಂಗಳಲ್ಲಿ ಸಂಘ ತನ್ನ ಸದಸ್ಯರನ್ನು ಕೇಳಿತು: ಅಗತ್ಯ ಬಿದ್ದರೆ ಮುಷ್ಕರಕ್ಕೆ ಕರೆ ಕೊಡುವ ಅಧಿಕಾರ ನಮಗೆ ಕೊಡುತ್ತೀರಾ? ಮತ ಹಾಕಿದವರಲ್ಲಿ ಶೇ. 92 ಮಂದಿ ಹೌದೆಂದರು. ಕತೆ ಬರೆಯುವ ನಮಗೆ ಆ ಕ್ಷಣವೇ ಮುಖ್ಯವೆನಿಸುತ್ತದೆ. 2005ರ ಡಿಸೆಂಬರಿನಲ್ಲಿ ಇದೇ ಊರಿನ ರೈಲು ನೌಕರರು ಮೂರು ದಿನ ಮುಷ್ಕರ ಹೂಡಿ, ಸಂಘ 25 ಲಕ್ಷ ಡಾಲರ್ ಜುಲ್ಮಾನೆಗೆ ಗುರಿಯಾಗಿ, ಮುಂದಾಳು ರೋಜರ್ ಟೂಸೆಂಟ್ ಜೈಲಿಗೆ ಹೋಗಿದ್ದರು. ಈ ಕತೆ ಗೊತ್ತಿದ್ದೂ ಅಧ್ಯಾಪಕರು ಹೌದೆಂದರು. ಮುಂದಿನ ತಿಂಗಳು ಒಪ್ಪಂದವಾಯಿತು. ಏರಿಕೆ ಒಟ್ಟು ಶೇ. 10.41. ಒಂದು ತರಗತಿಯೂ ತಪ್ಪಲಿಲ್ಲ. ಮತ ಒಂದೇ ಕಾರಣವೆನ್ನಲಾರೆವು, ಬೊಕ್ಕಸದ ಲೆಕ್ಕವೂ ಇತ್ತು. ಆದರೂ ಆರು ವರ್ಷ ಆಗದ್ದು ಆ ಬಳಿಕ ವಾರಗಳಲ್ಲಿ ಆಯಿತು.

ಶೇಕಡಾ ಲೆಕ್ಕದಲ್ಲಿ ಒಂದು ತೊಡಕಿದೆ. ಹೆಚ್ಚು ಸಂಬಳದವನಿಗೆ ಹೆಚ್ಚು ಏರುತ್ತದೆ, ಕಡಿಮೆಯವನಿಗೆ ಕಡಿಮೆ. ಅಲ್ಲಿ ಪಾಠ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಅತಿಥಿ ಉಪನ್ಯಾಸಕರು. ಒಂದು ಕೋರ್ಸಿಗೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವವರು. ಅವರು ಶೇಕಡಾ ಕೇಳುವುದನ್ನು ಬಿಟ್ಟು ಮೊತ್ತವನ್ನೇ ಕೇಳಿದರು: ಕೋರ್ಸಿಗೆ 7 ಸಾವಿರ ಡಾಲರ್, ಇಲ್ಲವೇ ಮುಷ್ಕರ. 2019ರ ಒಪ್ಪಂದ ಕನಿಷ್ಠ ದರವನ್ನು 3,222ರಿಂದ 5,500 ಡಾಲರಿಗೆ ಏರಿಸಿತು. ಅವರ ಇತಿಹಾಸದಲ್ಲಿ ಅದು ಸಣ್ಣ ಏರಿಕೆಯಲ್ಲ. ಆದರೂ ಅವರಲ್ಲಿ ಹಲವರು ಒಪ್ಪಲಿಲ್ಲ. ಮುಷ್ಕರದ ಮಾತು ಬಾಯಲ್ಲೇ ಉಳಿಯಿತೆಂದು ತಮ್ಮ ಸಂಘದವರ ಮೇಲೆಯೇ ಸಿಟ್ಟಾದರು. ಬಹುಮತದಿಂದ ಅದು ಅಂಗೀಕಾರವಾಯಿತು.

2024ರ ಕೊನೆಯಲ್ಲಿ ಮತ್ತೊಂದು ಒಪ್ಪಂದವಾಯಿತು. ಅದರಂತೆ ಆ ದರ 2027ರ ಹೊತ್ತಿಗೆ 7 ಸಾವಿರ ದಾಟಬೇಕು. ಕೇಳಿದ ದಿನ 7 ಸಾವಿರಕ್ಕೆ ಇದ್ದ ಬೆಲೆ ಕೈಗೆ ಬರುವ ದಿನ ಇರುವುದಿಲ್ಲವೆಂದು, ಅರ್ಥಶಾಸ್ತ್ರದ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.