ಕಾರ್ನೆಗಿಯ ಲೈಬ್ರರಿ, ಹೋಮ್‌ಸ್ಟೆಡ್ಡಿನ ಕೂಲಿ

ನಿಮ್ಮೂರಿನ ಹಳೇ ಲೈಬ್ರರಿಯ ಬಾಗಿಲ ಮೇಲೆ ಕಾರ್ನೆಗಿ ಅನ್ನೋ ಹೆಸರಿದೆಯಾ, ನೋಡಿ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ ಆಂಡ್ರ್ಯೂ ಕಾರ್ನೆಗಿ ಅಮೆರಿಕದಲ್ಲಿ ಉಕ್ಕಿನ ಸಾಹುಕಾರನಾದ. ಅವನ ದುಡ್ಡಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು.

1889ರಲ್ಲಿ ಅವನು ಸಂಪತ್ತಿನ ಬಗ್ಗೆ ಒಂದು ಪ್ರಬಂಧ ಬರೆದ. ಹಣವನ್ನು ಚೂರುಚೂರು ಮಾಡಿ ಜನರಿಗೆ ಹಂಚಿದರೆ ತಿಂದುಂಡು ಕರಗಿಸಿಬಿಡ್ತಾರೆ. ಬಡವರ ಪರವಾಗಿ ಸಿರಿವಂತನೇ ಅದನ್ನು ಚೆನ್ನಾಗಿ ಖರ್ಚು ಮಾಡಬಲ್ಲ, ಅನ್ನೋದು ಅದರ ತಿರುಳು. ಈ ಮಾತನ್ನು ಅವನು ನಿಜವಾಗಿ ನಂಬಿದ್ದ ಅನ್ನಿಸುತ್ತೆ. ನನಗೆ ದಿಗಿಲು ಹುಟ್ಟಿಸೋದು ಅದೇ.

ಮೂರೇ ವರ್ಷದಲ್ಲಿ, ಪಿಟ್ಸ್‌ಬರ್ಗ್ ಹತ್ತಿರದ ಹೋಮ್‌ಸ್ಟೆಡ್ಡಿನ ಅವನ ಕಾರ್ಖಾನೆಯಲ್ಲಿ ಕೂಲಿ ಕಡಿತದ ಜಗಳ ಎದ್ದಿತು. 1892ರ ಜುಲೈ 6ರಂದು ಕಂಪನಿ ಕರೆಸಿದ ಸುಮಾರು 300 ಬಾಡಿಗೆ ಕಾವಲುಗಾರರಿಗೂ ಕಾರ್ಮಿಕರಿಗೂ ಗುಂಡಿನ ಕಾಳಗ. ಎರಡೂ ಕಡೆ ಹೆಣ ಬಿದ್ದವು. ಯಜಮಾನ ಆಗ ಸ್ಕಾಟ್ಲೆಂಡಿನಲ್ಲಿದ್ದ. ಕಾರ್ಮಿಕರ ಸಂಘ ಮುರಿದುಬಿತ್ತು.

1898ರಲ್ಲಿ ಅಲ್ಲಿಗೂ ಲೈಬ್ರರಿ ಬಂತು, ಈಜುಕೊಳದ ಸಮೇತ. ಕುಲುಮೆ ಮುಂದಿನ ಪಾಳಿ ಮಾತ್ರ ದಿನಕ್ಕೆ 12 ಗಂಟೆಯದೇ.